ತೆರೆ

ಮುಶೀಯಾ ಬಂದರಿನ ಮೀನುಗಾರರ ಸಂಘದಲ್ಲಿ
ಮೊನ್ನೆಮೊನ್ನೆಯವರೆಗೂ ಕಾಗದದ ಫಾರಂ.
ನಲವತ್ತಮೂರು ಖಾನೆ. ದೋಣಿ ಹೊಸದಿರಲಿ, ಹಳೆಯದಿರಲಿ,
ನಲವತ್ತಮೂರೂ ಬಾಯ್ದೆರೆದು ಕೂತಿರುತ್ತಿದ್ದವು
ತುತ್ತಿಗೆ ಕಾದ ಮರಿಗಳ ಹಾಗೆ.
ಬೇಡದ್ದಕ್ಕೆಲ್ಲ ಡೋರಿಂದಾ ಒಂದೊಂದು ಗೀಟು ಎಳೆಯುವಳು,
ಅಡ್ಡ ಗೀಟು, ಸ್ಕೇಲಿಲ್ಲದೆ, ಮೂವತ್ತೆರಡು ವರ್ಷ.

ಅದನ್ನೇ ನಾನು ಪರದೆಗೆ ತಂದೆ.
ಬೇಕಾದಾಗಷ್ಟೇ ಕಾಣುವ ಹಾಗೆ ಕಟ್ಟಿದೆ:
ಎಂಜಿನ್ ಉಂಟೆಂದರೆ ಅಶ್ವಶಕ್ತಿ ಕೇಳುವುದು,
ಇಲ್ಲವೆಂದರೆ ಹುಟ್ಟುಗಳ ಲೆಕ್ಕ.
ಬಾಡಿಗೆಯ ದೋಣಿಯಾದರೆ ಒಡೆಯನ ಹೆಸರು;
ಒಡೆಯನೇ ನಾವಿಕನೋ, ಆ ಸಾಲು ತಾನಾಗಿ ಜಾರಿಕೊಳ್ಳುವುದು
ಸಾಲ ಕೊಟ್ಟವನನ್ನು ಬೀದಿಯಲ್ಲಿ ಕಂಡವನ ಹಾಗೆ.

"ಕೇಳಬೇಕಾದ್ದನ್ನಷ್ಟೇ ಕೇಳುತ್ತೆ, ನೋಡಿ" ಅಂದೆ,
ಕೊರೂನ್ಯಾದಿಂದ ಬೆಳಗಿನ ಬಸ್ಸಿಗೆ ಬಂದವನ ಜಂಬದಲ್ಲಿ.
ಡೋರಿಂದಾ ಕನ್ನಡಕ ಹಣೆಗೇರಿಸಿದಳು.
"ಹೋದ ಖಾನೆ ಎಲ್ಲಿಗೆ ಹೋಯಿತು, ಬ್ರಾಯಿಸ್?"
"ಎಲ್ಲಿಗೂ ಇಲ್ಲ. ಅಲ್ಲೇ ಇದೆ.
ತೋರಿಸಿಕೊಳ್ಳಬೇಡ ಅಂದಿದ್ದೇನೆ, ಅಷ್ಟೆ."
"ನಮ್ಮ ಮನೆಯ ಮಾತುಗಳ ಹಾಗೆ" ಅಂದಳು.

ಊಟವಾದ ಮೇಲೆ ಮತ್ತೆ ಪಾಠ.
ಹೊರಗೆ ಬಲೆ ಹೊಲಿಯುವ ಹೆಂಗಸರು, ಕಿಟಕಿಗೆ ಉಪ್ಪಿನ ಪೊರೆ.
ದೋಣಿಯ ಸ್ಥಿತಿ: ಮೂರು ಆಯ್ಕೆ.
ನೀರಲ್ಲಿದೆ. ಮಾರಿದೆ. ಮುಳುಗಿದೆ.
ಅವಳು ಮೂರನೆಯದನ್ನು ಒತ್ತಿದಳು.
ತೆರೆದವು ನಾಲ್ಕು, ಒಂದರ ಬೆನ್ನಿಗೊಂದು, ತೆರೆಗಳೇ:
ದಿನಾಂಕ.
ಕೊನೆಯ ಬಾರಿ ಕಂಡ ಜಾಗ.
ಹೋದವರೆಷ್ಟು.
ಸಿಕ್ಕವರೆಷ್ಟು. ಇದರ ಪಕ್ಕ ನಾನೇ ಇಟ್ಟ ಕೆಂಪು ಚುಕ್ಕೆ: ಕಡ್ಡಾಯ.

ಮೊದಲನೆಯದನ್ನು ಒತ್ತಿದಳು. ಮಡಚಿಕೊಂಡವು.
ಮೂರು. ತೆರೆಯಿತು. ಒಂದು. ಮುಚ್ಚಿತು.
ಮೂರು.
ಕಣ್ಣಾಮುಚ್ಚಾಲೆಗೆ ಬಿದ್ದ ಮಗು ಅಂದುಕೊಂಡೆ,
ಮೌಸು ಕೈಗೆ ಹತ್ತಲಿ ಅಂತ ಸುಮ್ಮನಿದ್ದೆ.

ಆಮೇಲೆ ಹೆಸರು ಬರೆದಳು: ಎರ್ಮಿಟಾಸ್.
ಎರಡೇ ಬೆರಳು, ಒಂದೊಂದೇ ಅಕ್ಷರ.
ಮುಳುಗಿದೆ.
ಫೆಬ್ರವರಿ ಹನ್ನೊಂದು, ಎಂಬತ್ತೊಂಬತ್ತು.
ಹೋದವರು ಮೂರು.
ಸಿಕ್ಕವರು... ಬೆರಳು ನಿಂತಿತು.
ಮತ್ತೆ ಮೇಲೆ ಹೋಗಿ, ನೀರಲ್ಲಿದೆ ಅಂದಳು.
'ಉಳಿಸು' ಒತ್ತಿದಳು.

ಏನೂ ಆಗಲಿಲ್ಲ.
ಮತ್ತೆ ಒತ್ತಿದಳು. ಗುಂಡಿ ತಗ್ಗುತ್ತದೆ, ಏಳುತ್ತದೆ, ದಾಖಲೆ ಕದಲದು.
ತಪ್ಪೆಂಬ ಮಾತಿಲ್ಲ, ಕೆಂಪಿಲ್ಲ, ಪರದೆ ತೊಳೆದಿಟ್ಟ ಹಾಗಿದೆ.
ನನಗೆ ಗೊತ್ತಿದ್ದ ತಪ್ಪೇ, ನಾಚಿಕೆಯಾಯಿತು.
ಮರೆಯಾದರೂ ಆ ಖಾನೆ ಕಡ್ಡಾಯವೇ ಉಳಿದಿದೆ;
ಕಾಣದಲ್ಲಿ ಕೂತು 'ನನ್ನ ತುಂಬು, ನನ್ನ ತುಂಬು' ಅನ್ನುತ್ತಿದೆ,
ತುಂಬುವ ತನಕ ಯಾವುದನ್ನೂ ಮುಂದೆ ಬಿಡುತ್ತಿಲ್ಲ.

"ಸಿಕ್ಕವರೆಷ್ಟು ಅಂತ ಹಾಕಬೇಕು" ಅಂದೆ, ಅವಳ ಮುಖ ನೋಡದೆ.
"ಅದನ್ನು ಮುಚ್ಚಿದೆನಲ್ಲ."
"ಮುಚ್ಚಿದರೂ ಕೇಳುತ್ತಿದೆ. ನನ್ನ ತಪ್ಪು."
"ತಪ್ಪಲ್ಲ ಬಿಡು," ಅಂದಳು ಡೋರಿಂದಾ,
"ಸರಿಯಾಗೇ ಕಟ್ಟಿದ್ದೀಯ."

ರಾತ್ರಿ ಲಾಡ್ಜಿನ ಮಂಚದ ಮೇಲೆ ಸರಿಪಡಿಸಲು ಕೂತೆ.
ಎರಡು ಸಾಲಿನ ಕೆಲಸ.
ಮರೆಯಾದರೆ ಕಡ್ಡಾಯ ತೆಗೆ: ಇದು ಒಂದು.
ಮರೆಯಾದರೆ ಒಳಗಿದ್ದದ್ದನ್ನು ಅಳಿಸು: ಇದು ಇನ್ನೊಂದು.
ಬಲ್ಲವರೆಲ್ಲ ಹೀಗೇ ಮಾಡುವುದು, ಕಸ ಉಳಿಯಬಾರದು ನೋಡಿ.
ಮೊದಲನೆಯದನ್ನು ಬರೆದೆ.
ಎರಡನೆಯದರ ಜಾಗದಲ್ಲಿ ಕರ್ಸರ್ ಮಿನುಗುತ್ತ ನಿಂತಿತು,
ಕಿಟಕಿಯಾಚೆ ದೀಪಸ್ತಂಭ ಅದರದೇ ಬೇರೊಂದು ತಾಳಕ್ಕೆ.
ಲ್ಯಾಪ್‌ಟಾಪು ಮುಚ್ಚಿದೆ.

ಬೆಳಿಗ್ಗೆ ಅವಳು ಒತ್ತಿದಾಗ ಉಳಿಯಿತು.
ನೂರಾ ಹದಿನೇಳನೆಯ ಸಾಲು:
ಎರ್ಮಿಟಾಸ್. ನೀರಲ್ಲಿದೆ.
ಅದರಡಿ, ಯಾರೂ ಇಳಿದು ನೋಡದ ಕಡೆ,
ಫೆಬ್ರವರಿ ಹನ್ನೊಂದು.

ಇನ್ನು ಮೇಲೆ ಪ್ರತಿ ಜನವರಿಯಲ್ಲೂ ಯಂತ್ರ
ಪರವಾನಗಿ ನವೀಕರಿಸಿ ಎಂದು ಆ ದೋಣಿಗೊಂದು ನೆನಪೋಲೆ ಕಳಿಸುತ್ತದೆ,
ವಿಳಾಸ ಡೋರಿಂದಾಳ ಮನೆಯದು.
ಅದನ್ನೂ ಹೇಳಿದೆ.
"ಕಳಿಸಲಿ" ಅಂದಳು.