ಮೋಟು ಮುಳ್ಳು

ತಿಂಗಳ ಎರಡನೇ ಭಾನುವಾರ
ಟೌನ್‌ಹಾಲ್ ಹಿಂದಿನ ಅಂಗಳದಲ್ಲಿ ಹಳೆಯದೆಲ್ಲ ಬಿಸಿಲಿಗೆ ಬರುತ್ತದೆ.
ಹಿತ್ತಾಳೆಯ ಪೀಕದಾನಿ, ಹಿಡಿ ಮುರಿದ ಶಾವಿಗೆ ಒರಳು,
ಯಾರದೋ ಮದುವೆಯ ಫೋಟೋ, ಚೌಕಟ್ಟಿಗಷ್ಟೇ ಬೆಲೆ.
ನಾನು ಅವನ್ನೆಲ್ಲ ನೋಡುವುದಿಲ್ಲ.
ಜೇಬಿನಲ್ಲಿ ಭೂತಗನ್ನಡಿ, ಹಿಂಬಿಲ್ಲೆ ಎಬ್ಬಿಸುವ ಚಾಕು,
ಬನಿಯನ್ನಿನ ಒಳಜೇಬಿನಲ್ಲಿ ಹೆಂಡತಿಗೆ ಲೆಕ್ಕ ಕೊಡದ ದುಡ್ಡು.
ಕೈಗಡಿಯಾರದ ಮೇಜು ಎಲ್ಲಿದೆಯೋ ಅಲ್ಲಿಗೇ ನೇರ.

ಇಲ್ಲಿ ಒಂದೊಂದು ಗಡಿಯಾರಕ್ಕೆ ಒಂದೊಂದು ಹೊತ್ತು.
ಎಚ್ಚೆಂಟಿ ಜನತಾ ನಾಲ್ಕು ಹತ್ತಕ್ಕೆ ನಿಂತಿದೆ,
ಪಕ್ಕದ ರೋಮರ್‌ಗೆ ಇನ್ನೂ ಬೆಳಗಿನ ಕಾಫಿ ಆಗಿಲ್ಲ.
ಮೇಲೆ ದೊಡ್ಡ ಗಡಿಯಾರ ತನ್ನ ಕನ್ನಡದ ಅಂಕಿಗಳಲ್ಲಿ
ಹತ್ತೂ ಮುಕ್ಕಾಲು ಅನ್ನುತ್ತಿದೆ;
ಕೆಳಗಿರುವ ಯಾವುದೂ ಒಪ್ಪುತ್ತಿಲ್ಲ.

ಎತ್ತಿ ಕಿವಿಗೆ ಹಿಡಿಯುತ್ತೇನೆ. ಮೊದಲು ಕಿವಿ, ಆಮೇಲೆ ಕಣ್ಣು,
ಶಿವರಾಂಪೇಟೆಯ ಶಾಂತಮಲ್ಲಪ್ಪನವರು ಕಲಿಸಿದ್ದು.
ಮುಂಬೈಯಲ್ಲಿ ಬಣ್ಣ ಬಳಿಸಿಕೊಂಡು ಬಂದ ಮುಖಗಳು
ಒಂದೇ ನೋಟಕ್ಕೆ ಗೊತ್ತಾಗುತ್ತವೆ,
ಮದುವೆಮನೆಯಲ್ಲಿ ಪೌಡರ್ ಹೆಚ್ಚಾದ ಸೋದರತ್ತೆಯರ ಹಾಗೆ.
ಒರಿಜಿನಲ್ಲಾ ಎಂದು ನಾನು ಕೇಳುವುದಿಲ್ಲ.
ಕೇಳಿದರೆ ಉತ್ತರ ಒಂದೇ.

ಆಮೇಲೆ ಅದು ಕಂಡಿತು.
ವೆಸ್ಟ್ ಎಂಡ್. ಮುಖಕ್ಕೆ ಕೆನೆಗಟ್ಟಿದ ಹಾಲಿನ ಬಣ್ಣ,
ಆರರ ಜಾಗದಲ್ಲಿ ಪುಟ್ಟ ಬಟ್ಟಲು, ಬಟ್ಟಲಲ್ಲಿ ಸೆಕೆಂಡಿನ ಮುಳ್ಳು,
ಒಂದು ಎಳ್ಳಿನಷ್ಟು ಮೋಟು.
ನೀಲಿ ಇರಬೇಕಾದದ್ದು ನೇರಳೆಗೆ ತಿರುಗಿದೆ.
ಉಕ್ಕಿನ ನೀಲಿ ಹಾಗೆ ತಿರುಗುವುದಿಲ್ಲ. ಇಂಕು ತಿರುಗುತ್ತದೆ.

ಬಿಲ್ಲೆ ಎಬ್ಬಿಸಿದೆ. ಒಳಗೆ, ಸೂಜಿಯಲ್ಲಿ ಗೀರಿದ ಸಣ್ಣ ಸಾಲು:
ಶಾಂ. ೬೭
ಶಾಂ. ೭೪
ಅದರ ಕೆಳಗೆ, ಅಳುಕುತ್ತ, ಡೊಂಕಾಗಿ,
ನನ್ನ ಅಕ್ಷರ. ೮೩.

ರಿಪೇರಿಯ ಗುರುತು ಗೀರು ಎಂದು
ಗುರುಗಳು ನನ್ನ ಕೈಗೆ ಸೂಜಿ ಕೊಟ್ಟ ಮೊದಲ ದಿನ.
ಗಡಿಯಾರ, ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ
ತೂಕದ ಗುಮಾಸ್ತರಾಗಿದ್ದ ಬೋರಲಿಂಗಯ್ಯನವರದು.
ದಸರಾಕ್ಕೆ ಮುಂಚೆ ಬೇಕೆಂದು ಎರಡು ಸಲ ಬಂದು ಹೋದರು,
ಮೂರನೇ ಸಲ ಎರಡು ಅಚ್ಚು ಬೆಲ್ಲ ತಂದರು,
'ಈಗ ಕರೆಕ್ಟಾಗಿ ಓಡ್ತದೆ ಕಣಪ್ಪ' ಎಂದು ನನ್ನ ತಲೆ ಸವರಿದರು.
ಓಡುತ್ತಿತ್ತು. ಅವರ ನೀಲಿ ಮುಳ್ಳು ಮಾತ್ರ
ಅಷ್ಟರಲ್ಲಾಗಲೇ ನನ್ನ ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ.

ಯಾಕೆ ಅಂದರೆ ಏನು ಹೇಳಲಿ?
ಮಾರಲಿಲ್ಲ. ಯಾರಿಗೂ ತೋರಿಸಲಿಲ್ಲ.
ರೆಪ್ಪೆಕೂದಲಿನಷ್ಟು ಉಕ್ಕು; ದೀಪಕ್ಕೆ ಹಿಡಿದರೆ
ನವಿಲಿನ ಕತ್ತು. ಹದಿನೇಳು ವಯಸ್ಸು ನನಗೆ.
ಈಗ ಕೇಳಿದವರಿಗೆ, ನನ್ನ ಹತ್ತಿರ
ನೂರಾ ಹನ್ನೆರಡು ಗಡಿಯಾರ ಇವೆ ಎನ್ನುತ್ತೇನೆ.
ಮೊದಲನೆಯದು ಗಡಿಯಾರವಲ್ಲ.

'ಎರಡೂವರೆ ಸಾವಿರ' ಎಂದಳು ಮೇಜಿನಾಚೆಯ ಶಕೀಲಾಬಿ,
'ಎಲ್ಲಾ ಕಂಪನೀದೇ ಸಾರ್, ಒಂದು ಸ್ಕ್ರೂ ಬದಲಾಗಿಲ್ಲ.'
ನಾನು ಐದು ನೋಟು ಎಣಿಸಿ ಮುಂದಿಟ್ಟೆ.
ನೋಟು ನೋಡಿದಳು. ನನ್ನ ಮುಖ ನೋಡಿದಳು.
ಗಡಿಯಾರವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.
'ಹದಿನಾರು ವರ್ಷದಿಂದ ಕೂತಿದೀನಿ ಸಾರ್ ಇಲ್ಲಿ.
ಚೌಕಾಸಿ ಮಾಡದೆ ದುಡ್ಡು ತೆಗೆದೋರನ್ನ ಕಂಡಿಲ್ಲ.
ಇದರೊಳಗೆ ಏನೋ ಇದೆ. ಕೊಡಲ್ಲ.'

ಇದೆ, ಅನ್ನಲು ಬಾಯಿ ತೆರೆದೆ.
'ಟೀ ಕುಡೀತೀರಾ' ಅಂದಳು.
ಕುಡಿದೆ.

ಬರಿಗೈಯಲ್ಲಿ ಹೋಗಬಾರದೆಂದು ಒಂದು ಚರ್ಮದ ಪಟ್ಟಿ ಕೊಂಡು,
ಅದಕ್ಕೆ ಹದಿನೈದು ರೂಪಾಯಿಗೆ ಗುದ್ದಾಡಿ,
ಸಿಟಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಲೆಕ್ಕ ಹಾಕುತ್ತಿದ್ದೇನೆ:
ಮುಂದಿನ ತಿಂಗಳು ಹೋಗಬೇಕು. ಮೂಗು ಮುರಿಯಬೇಕು.
ಎಂಟುನೂರಕ್ಕೆ ಕೇಳಬೇಕು. ಅವಳು ಸಿಡುಕಿದಾಗ
ಅಕ್ಕಪಕ್ಕದ ಮೇಜಿಗೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ,
'ಏನಮ್ಮಾ ಇದು, ಸೆಕೆಂಡಿನ ಮುಳ್ಳು ಡೂಪ್ಲಿಕೇಟು,
ಯಾವನೋ ಕಳ್ಳ ಬದಲಾಯಿಸಿದಾನೆ'
ಅನ್ನಬೇಕು.