ಸದ್ದು ಬರುತ್ತಿದೆಯೇ?

ಗ್ದಿನ್ಯ ಬಂದರಿನ ಮೇಲುಬೀದಿ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.
ಚೀಲ ಹೊತ್ತು ಏದುಸಿರು ಬಿಡುತ್ತ ನಿಂತವನಿಗೆ
ಬಾಗಿಲು ತೆರೆದವಳು ಸಬೀನಾ, ಅವರ ತಂಗಿಯ ಮಗಳು.
"ಐದು ರಿಮೋಟುಗಳಿವೆ, ಒಂದು ಮಾಡಿಕೊಡಿ" ಎಂದಳು.
ಆಮೇಲೆ ದನಿ ತಗ್ಗಿಸಿ,
"ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ."

ಸೋಫಾದ ಆ ತುದಿಗೆ ಲುದ್ವಿಕ್, ಈ ತುದಿಗೆ ಕಾಯೆತಾನ್.
ನಡುವೆ ಒಬ್ಬರು ಕೂರುವಷ್ಟು ಜಾಗ.
ಅಲ್ಲಿ ಕೂತದ್ದು ಅಪ್ಪನ ದೋಣಿ:
ಒಬ್ಬ ಕೇಳದೆ ಮಾರಿದ್ದು, ಇನ್ನೊಬ್ಬ ಮರೆಯದೆ ಇಟ್ಟುಕೊಂಡದ್ದು.

ಅಣ್ಣನ ಕಿವಿ ಮಂದ,
ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಬಡಿದ ಕಿವಿ.
ತಮ್ಮನ ಕಣ್ಣಿಗೆ ಪೊರೆ.
ಟಿವಿಯ ರಿಮೋಟು ಅಣ್ಣನ ಅಂಗೈಯಲ್ಲಿ,
ಸದ್ದಿನ ಪೆಟ್ಟಿಗೆಯದು ತಮ್ಮನ ಜೇಬಿನಲ್ಲಿ.
ಹೊಲ ಗದ್ದೆ ಕೂಡ ಇಷ್ಟು ಚೊಕ್ಕ ಪಾಲಾಗುವುದಿಲ್ಲ.

ಅಣ್ಣ ಚಾನೆಲ್ ಬದಲಿಸಿದರೆ
ತಮ್ಮ ಸದ್ದನ್ನು ಸೊನ್ನೆಗೆ ಇಳಿಸುತ್ತಾನೆ.
ಕೇಳದವನಿಗೆ ಗೊತ್ತಾಗುವುದು ಹೇಗೆ?
ಕಾಲಡಿಯ ನೆಲ ಗುದ್ದುವುದು ನಿಲ್ಲುತ್ತದಲ್ಲ, ಹಾಗೆ.
ಆಗ ಅಣ್ಣ ಅಡಿಬರಹ ಹಾಕುತ್ತಾನೆ,
ತಮ್ಮನಿಗೆ ಓದಲಾಗದ್ದು.

ಕೆಲಸ ಶುರು ಮಾಡಿದೆ.
ನಾಲ್ಕಂಕಿಯ ಸಂಕೇತಕ್ಕೆ ಟಿವಿ ಒಪ್ಪಿತು, ಪ್ಲೇಯರ್ ಒಪ್ಪಿತು, ದೀಪ ಒಪ್ಪಿತು.
ಹಳೆಯ ಆಂಪ್ಲಿಫೈಯರ್ ಮಾತ್ರ
ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಕಲಿಸಬೇಕು:
ಹಳೆಯ ರಿಮೋಟಿನ ಮೂತಿಗೆ ಹೊಸದರ ಮೂತಿ ಹಿಡಿದು
ಒಂದೊಂದೇ ಗುಂಡಿ ಒತ್ತಬೇಕು.
ಹಳೆಯದು ಹೇಳುತ್ತದೆ, ಹೊಸದು ಕೇಳಿಸಿಕೊಳ್ಳುತ್ತದೆ
ಬರಿಗಣ್ಣಿಗೆ ಕಾಣದ ಬೆಳಕಿನಲ್ಲಿ.
ಕಾಯೆತಾನ್ ತನ್ನದನ್ನು ಕೊಡಲು ತಡಮಾಡಿದ.
ಜೇಬಿನ ಬಿಸಿ ಇನ್ನೂ ಇತ್ತು ಅದರಲ್ಲಿ,
ಏರಿಸು ಇಳಿಸು ಎರಡೂ ಸವೆದು
ಹೊಳೆಯ ಕಲ್ಲಿನ ಹಾಗೆ.

ಮುಗಿಯಿತು. ಈಗ ಒಂದೇ ಗುಂಡಿ: ಸಿನಿಮಾ.
ಟಿವಿ ಎದ್ದಿತು, ಪ್ಲೇಯರ್ ಬಾಯಿ ತೆರೆಯಿತು, ದೀಪ ಮಂಕಾಯಿತು.
"ಎಲ್ಲಕ್ಕೂ ಸುದ್ದಿ ಮುಟ್ಟುವ ತನಕ ನೇರ ಹಿಡಿದಿರಿ" ಎಂದೆ.
ಕೇಳಿಸಲಿಲ್ಲವೇನೋ, ಲುದ್ವಿಕ್ ಚಹಾದ ಲೋಟದ ಕಡೆ ತಿರುಗಿದ,
ಕೈಯೂ ತಿರುಗಿತು.
ಆಂಪ್ಲಿಫೈಯರ್ ಎದ್ದಿದೆ ಅಂತ ರಿಮೋಟು ನಂಬಿತು.
ಅದು ಮಲಗಿಯೇ ಇತ್ತು.
ಇನ್ನು ಎಲ್ಲ ತಿರುವುಮುರುವು:
ಏಳು ಅಂದರೆ ಮಲಗುತ್ತದೆ, ಮಲಗು ಅಂದರೆ ಏಳುತ್ತದೆ,
ಯಾರೂ ವಿಚಾರಿಸದಿದ್ದರೆ ವರ್ಷಗಟ್ಟಲೆ.

ಅದಕ್ಕೇ ಒಂದು ಗುಂಡಿಯಿದೆ, ಕುಡುಗೋಲಿನಂಥ ಪ್ರಶ್ನೆಯ ಗುರುತು.
ಒತ್ತಿ ಎಂದು ಸನ್ನೆ ಮಾಡಿದೆ.
ರಿಮೋಟಿನ ಪುಟ್ಟ ಪರದೆ ಕೇಳಿತು: ಚಿತ್ರ ಕಾಣುತ್ತಿದೆಯೇ?
ಲುದ್ವಿಕ್ ಹೌದು ಒತ್ತಿದ.
ಸದ್ದು ಬರುತ್ತಿದೆಯೇ?

ಹೆಬ್ಬೆರಳು ಗಾಳಿಯಲ್ಲಿ ನಿಂತಿತು.
ನನ್ನ ಮುಖ ನೋಡಿದ. ನಾನು ಸ್ಕ್ರೂಡ್ರೈವರ್ ಹುಡುಕುವವನಂತೆ
ಚೀಲದೊಳಗೆ ತಲೆ ತೂರಿಸಿದೆ.
ಅಡುಗೆಮನೆಯಲ್ಲಿ ಸಬೀನಾ ನಲ್ಲಿ ನಿಲ್ಲಿಸಿದಳು.
ಹೊರಗೆ ಯಾವುದೋ ಹಡಗು ಕೂಗಿತು,
ಅದೂ ಅವನಿಗಲ್ಲ.

"ಸದ್ದು ಬರ್ತಿದೆಯೇನೋ, ಕಾಯ್ತೆಕ್?"

ಚಿಕ್ಕಂದಿನ ಹೆಸರು.
ತಮ್ಮ ಬಹಳ ಹೊತ್ತು ಟಿವಿಯ ಕಡೆಗೇ ನೋಡಿದ,
ಅವನಿಗೆ ಬರೀ ಬಣ್ಣದ ಮಂಜು.
"ಇಲ್ಲ" ಅಂದ.
ಆಮೇಲೆ, ಅಣ್ಣನಿಗೆ ಕೇಳಲೆಂದು,
ಕತ್ತಿನ ನರ ಉಬ್ಬುವಂತೆ, "ಇಲ್ಲ!"

ಲುದ್ವಿಕ್ ಇಲ್ಲ ಒತ್ತಿದ.
ಪೆಟ್ಟಿಗೆಯ ಕೆಂಪು ಚುಕ್ಕಿ ಹಸಿರಾಯಿತು. ನೆಲ ಗುದ್ದಿತು.

ಹಳೆಯವನ್ನು ಕಸಕ್ಕೆ ಹಾಕಲೇ ಎಂದಳು ಸಬೀನಾ, ದುಡ್ಡು ಎಣಿಸುತ್ತ.
ಬೇಡ, ಬ್ಯಾಟರಿ ತೆಗೆದಿಡಿ, ಸಾಕು ಎಂದೆ.
ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ:
"ಜೋರಾಯ್ತು, ಇಳಿಸೋ!"
"ಏನು?"
"ಇಳಿಸು ಅಂದೆ!"
"ಏನಂದೆ?"
ಎರಡನೇ ಮಹಡಿಯ ಹೆಂಗಸು ಬಾಗಿಲ ಸಂದಿಯಿಂದ ಇಣುಕಿ
"ಮೇಲೆ ಜಗಳವೇ?" ಎಂದಳು.
ಹೂಂ, ಎಂದೆ, ಈಗ ಶುರುವಾಯಿತು.