ಅಳತೆ

ಮೊದಲ ದಿನ ಎರಡು ರೂಪಾಯಿ ಬಿಲ್ಲೆಯಷ್ಟಿತ್ತು,
ಹೊಲಿಗೆ ಮಿಷನ್ನಿನ ಹಿಂದಿನ ಗೋಡೆಯಲ್ಲಿ.
ಫೋಟೊ ಕಳಿಸಿದೆ. ಎರಡು ನೀಲಿ ಗೀಟು ಬಿದ್ದವು.
‘ನೋಡೋಣಮ್ಮ’ ಎಂದರು ಓನರ್ ಚಿಕ್ಕರೇವಣ್ಣ.
ಶ್ರೀರಾಮಪುರದ ನಮ್ಮ ಅಡ್ಡರಸ್ತೆಯಲ್ಲಿ
ನೋಡೋಣ ಅನ್ನುವುದಕ್ಕೆ ತಾರೀಖಿಲ್ಲ.

ನನಗೆ ಗೊತ್ತಿರುವುದು ಒಂದೇ ಕೆಲಸ.
ಟೇಪು ಹಿಡಿದೆ. ಸಂಜೆಗೊಮ್ಮೆ ಕಲೆಯ ಅಂಚಿಗೆ
ಬಟ್ಟೆಗೆ ಹಾಕುವ ಚಾಕ್‌ಪೀಸಿನಲ್ಲೇ ಒಂದು ಗೆರೆ, ಪಕ್ಕದಲ್ಲಿ ದಿನ.
ಸೋಮವಾರ ಆರಿಂಚು. ಗುರುವಾರ ಹದಿನಾಲ್ಕು.
ಶ್ರಾವಣದ ಹೊತ್ತಿಗೆ ಗೋಡೆಗೆ
ನನ್ನ ಅತ್ತಿಗೆಯ ಸೊಂಟದ ಸುತ್ತಳತೆ.

ಸುಣ್ಣ ಹಪ್ಪಳದಂತೆ ಎದ್ದಿತು.
ಗಿರಾಕಿಯ ರೇಷ್ಮೆ ರವಿಕೆಗೆ ಬೂಷ್ಟು;
ಅದಕ್ಕೆ ನಾನೇ ದುಡ್ಡು ತೆತ್ತೆ.
ಮೊಳೆ ಹೊಡೆದ ತೂತಿಗೂ ಅಡ್ವಾನ್ಸಿನಲ್ಲಿ ಹಿಡಿಯುವವರು,
ಖಾಲಿ ಮಾಡಿದರೆ ಪೇಂಟಿಂಗಿಗೆಂದು ಒಂದು ತಿಂಗಳು ಮುರಿಯುವವರು
ಮೆಟ್ಟಿಲು ಹತ್ತಿ ಬರಲಿಲ್ಲ.

ನೀರು ಇಳಿಯಿತು.
ಕರಾರುಪತ್ರ ಓದಲು ಬರುವುದಿಲ್ಲ ಅದಕ್ಕೆ.
ಮೇಲೆ ಬಾಡಿಗೆಯವಳು, ಕೆಳಗೆ ಯಜಮಾನರು
ಎಂದು ಯಾರು ಹೇಳಬೇಕು?
ಅವರ ದೇವರಮನೆ ಮೂಲೆಯಲ್ಲಿ
ಒಂದೇ ಒಂದು ಹನಿ, ಬೆಳಗಿನ ಏಳಕ್ಕೆ.
ಏಳೂವರೆಗೆ ಪ್ಲಂಬರ್ ಅಮೀರ್‌ಜಾನ್ ನನ್ನ ಬಾಗಿಲಲ್ಲಿ,
ಹಿಂದೆ ಏದುಸಿರು ಬಿಡುತ್ತ ಓನರು.

ಮೇಲ್ಗಡೆ ಒಡೆದು ನೋಡಿದ:
ಪೈಪಿನ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು.
‘ಮೊದಲೇ ಕರೆದಿದ್ದರೆ ಇನ್ನೂರು ರೂಪಾಯಿ ಕೆಲಸ.
ಈಗ ಗೋಡೇನೇ ಕೀಳ್ಬೇಕು.
ಯಾವತ್ತಿಂದ ಸೋರ್ತಿದೆ?’

‘ನಿನ್ನೆಯಿಂದ’ ಎಂದರು ಚಿಕ್ಕರೇವಣ್ಣ.

ನಾನು ಮಿಷನ್ನು ಪಕ್ಕಕ್ಕೆ ಸರಿಸಿದೆ.